ದೆಹಲಿಯಿಂದ ಆಗ್ರಾ, ಒಂದೇ ದಿನದಲ್ಲಿ: ಗೈಡ್ ಜೊತೆ ತಾಜ್, ಕೋಟೆ ನೋಡಿಬರುವ ಸಮಗ್ರ ಮಾರ್ಗದರ್ಶಿ

ಆಗ್ರಾಕ್ಕೆ ಹೋಗಿಬಂದವರ ದೂರುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರಹ. "ಶುಕ್ರವಾರ ಹೋಗಿಬಿಟ್ಟೆವು, ಬಾಗಿಲು ಹಾಕಿತ್ತು." "ಗುಮ್ಮಟದ ಬುಡದವರೆಗೆ ಹೋದೆವು, ಮೇಲೆ ಹತ್ತೋಕೆ ಬೇರೆ ಟಿಕೆಟ್ ಅಂತೆ." "ತಾಜ್‌ಗೆ ಮುಕ್ಕಾಲು ಗಂಟೆ, ಕಲ್ಲಿನ ಅಂಗಡಿಗೆ ಒಂದೂವರೆ ಗಂಟೆ."

ಮೊದಲ ಸಲ ಹೋದಾಗ ನನ್ನದೂ ಈ ಮೂರನೆಯ ಕಥೆಯೇ. ಟೂರ್ ಬಸ್ಸು ಬೆಳಗಿನ ಐದೂವರೆಗೆ ನಮ್ಮನ್ನು ಹತ್ತಿಸಿಕೊಂಡಿತು. ಆಮೇಲೆ ಏಳೂವರೆವರೆಗೆ ದೆಹಲಿಯ ಲಾಡ್ಜು ಲಾಡ್ಜು ಸುತ್ತಿ ಜನ ತುಂಬಿಕೊಂಡಿತು. ದಾರಿಯ ಢಾಬಾದಲ್ಲಿ ಒಂದು ಗಂಟೆ, ಆಗ್ರಾದ ಅಂಗಡಿಯಲ್ಲಿ ಇನ್ನೊಂದು. ತಾಜ್ ಬಾಗಿಲಿಗೆ ಬರುವಾಗ ಮಧ್ಯಾಹ್ನ ಮೂರು. ಕೋಟೆಯನ್ನು ಕಿಟಕಿಯಿಂದಲೇ ತೋರಿಸಿ "ಇದೇ ಕೋಟೆ" ಎಂದರು.

ಆಗ್ರಾ ಪ್ರವಾಸ ಕೆಡುವುದು ಆಗ್ರಾದಲ್ಲಲ್ಲ, ಬುಕಿಂಗ್ ಮಾಡುವಾಗಲೇ. ಅದಕ್ಕೇ ಇಲ್ಲಿನ ಹೆಚ್ಚಿನ ಹಂತಗಳು ಹೊರಡುವ ಮೊದಲೇ ಮುಗಿಯುವಂಥವು. ಇದೇ ಕ್ರಮದಲ್ಲಿ ಮಾಡಿ. ರೈಲು ಬುಕ್ ಮಾಡಿಕೊಂಡು ಆಮೇಲೆ ವಾರ ನೋಡುವವರೇ ಜಾಸ್ತಿ.

## ಹಂತ 1: ದಿನ ಗೊತ್ತುಮಾಡಿ

ತಾಜ್‌ಗೆ ಪ್ರತಿ ಶುಕ್ರವಾರ ರಜೆ. ಅವತ್ತು ಅಲ್ಲಿನ ಮಸೀದಿಯ ನಮಾಜಿಗೆ ಬರುವವರಿಗೆ ಮಾತ್ರ ಪ್ರವೇಶ. ಹಾಗಿದ್ದೂ ಶುಕ್ರವಾರಕ್ಕೆ ಟೂರ್ ಮಾರುವವರಿದ್ದಾರೆ. "ತಾಜ್ ವ್ಯೂ" ಎಂದು ಬರೆದಿರುತ್ತಾರೆ, ನಾವು "ತಾಜ್" ಎಂದು ಓದಿಕೊಳ್ಳುತ್ತೇವೆ.

ನಿಮಗೆ ಉಳಿದಿರುವುದು ಶುಕ್ರವಾರ ಒಂದೇ ಆದರೆ ಆಗ್ರಾ ಬಿಟ್ಟುಬಿಡಿ. ದೆಹಲಿಯಲ್ಲೇ ಹುಮಾಯೂನ್ ಸಮಾಧಿ, ಕೆಂಪುಕೋಟೆ ನೋಡಿ. ಕೆಂಪುಕೋಟೆಗೆ ಸೋಮವಾರ ರಜೆ, ಶುಕ್ರವಾರ ತೊಂದರೆ ಇಲ್ಲ.

ಶನಿವಾರ, ಭಾನುವಾರ, ಸಾಲು ರಜೆಗಳಲ್ಲಿ ಭದ್ರತಾ ತಪಾಸಣೆಯ ಸಾಲಿನಲ್ಲೇ ಬೆಳಗು ಕಳೆಯುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಹಿಡಿಯಿರಿ. ಷಹಜಹಾನನ ಉರುಸ್ ನಡೆಯುವ ಮೂರು ದಿನ ಉಚಿತ ಪ್ರವೇಶ ಎಂದು ಆಸೆಪಡಬೇಡಿ, ಕಾಲಿಡಲು ಜಾಗವಿರುವುದಿಲ್ಲ. ಅದು ಹಿಜರಿ ಪಂಚಾಂಗದ ಲೆಕ್ಕದಲ್ಲಿ ಬರುವುದರಿಂದ ವರ್ಷ ವರ್ಷ ತಾರೀಖು ಬದಲಾಗುತ್ತದೆ. ಬುಕ್ ಮಾಡುವ ಮುನ್ನ ನೋಡಿಕೊಳ್ಳಿ.

ಇನ್ನು ಋತು. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಎಷ್ಟು ದಟ್ಟವೆಂದರೆ ಬೆಳಿಗ್ಗೆ ಒಂಬತ್ತಕ್ಕೂ ಕಾರಂಜಿಯ ಈಚೆ ನಿಂತರೆ ಆಚೆ ಗುಮ್ಮಟ ಕಾಣದೇ ಹೋಗಬಹುದು. ರೈಲುಗಳೂ ಗಂಟೆಗಟ್ಟಲೆ ತಡ. ಮೇ, ಜೂನಿನಲ್ಲಿ ಬಿಸಿಲು 40 ಡಿಗ್ರಿ ದಾಟಿ 45ರ ಹತ್ತಿರ ಹೋಗುತ್ತದೆ. ಬೆಂಗಳೂರು, ಮೈಸೂರಿನ ಬೇಸಿಗೆ ಕಂಡವರಿಗೆ ಇದು ಬೇರೆಯೇ ಸುಡು. ರಾಯಚೂರು, ಕಲಬುರಗಿಯವರಿಗೆ ನಾನು ಹೇಳಬೇಕಾಗಿಲ್ಲ. ಅಕ್ಟೋಬರ್, ನವೆಂಬರ್, ಫೆಬ್ರುವರಿ, ಮಾರ್ಚ್ ಒಳ್ಳೆಯ ತಿಂಗಳುಗಳು.

## ಹಂತ 2: ಪಟ್ಟಿಯಿಂದ ಹೊಡೆದುಹಾಕಿ

ಒಂದು ದಿನದ ಟೂರ್ ಜಾಹೀರಾತಿನಲ್ಲಿ ತಾಜ್, ಆಗ್ರಾ ಕೋಟೆ, ಫತೇಪುರ್ ಸಿಕ್ರಿ, ಸಿಕಂದರಾ, ಜೊತೆಗೆ ಮಥುರಾ ಬೃಂದಾವನ ಎಲ್ಲವೂ ಇರುತ್ತವೆ. ಅಷ್ಟನ್ನೂ ನೋಡಿದವರನ್ನು ನಾನು ಕಂಡಿಲ್ಲ. ಅಷ್ಟೂ ಕಡೆ ಬಸ್ಸಿನಿಂದ ಇಳಿದವರನ್ನು ಕಂಡಿದ್ದೇನೆ.

ಫತೇಪುರ್ ಸಿಕ್ರಿ ಆಗ್ರಾದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಹೋಗಿ, ನೋಡಿ, ಬರಲು ಅರ್ಧ ದಿನವೇ ಬೇಕು. ಮನಸ್ಸು ಗಟ್ಟಿಮಾಡಿ ಹೊಡೆದುಹಾಕಿ. ಅದೇ ಬೇಕೆಂದಿದ್ದರೆ ಆಗ್ರಾದಲ್ಲಿ ಒಂದು ರಾತ್ರಿ ಉಳಿಯಿರಿ.

ಒಂದು ದಿನಕ್ಕೆ ಮೂರು ಸಾಕು: ಆಗ್ರಾ ಕೋಟೆ, ಯಮುನೆಯ ಆಚೆದಡದ ಇತ್ಮಾದುದ್ದೌಲಾ ಸಮಾಧಿ, ತಾಜ್. ನಡುವಿನದನ್ನು ಟೂರ್‌ನವರು ಸಾಮಾನ್ಯವಾಗಿ ಸೇರಿಸುವುದಿಲ್ಲ, ನೀವೇ ಕೇಳಿ ಸೇರಿಸಬೇಕು. ನೂರ್‌ಜಹಾನ್ ತನ್ನ ತಂದೆಗೆ ಕಟ್ಟಿಸಿದ ಚಿಕ್ಕ ಕಟ್ಟಡ ಅದು. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ಕುಸುರಿಯನ್ನು ಅಲ್ಲಿ ಯಾರೂ ತಳ್ಳದೆ ಒಂದಡಿ ದೂರದಿಂದ ನೋಡಬಹುದು. ತಾಜ್ ಒಳಗೆ ಅದೇ ಕೆಲಸವನ್ನು ಜನರ ಹೆಗಲ ಮೇಲಿಂದ ಇಣುಕಿ ನೋಡಬೇಕು.

## ಹಂತ 3: ಹೋಗುವ ದಾರಿ

ಬಸ್ ಟೂರ್ ಅಗ್ಗ. ಆದರೆ ಸಮಯ ನಿಮ್ಮ ಕೈಯಲ್ಲಿರುವುದಿಲ್ಲ. ಸಾಧ್ಯವಾದರೆ ರೈಲಿನಲ್ಲಿ ಹೋಗಿ, ಆಗ್ರಾದಲ್ಲಿ ಕಾರು ಮತ್ತು ಗೈಡ್ ಇಟ್ಟುಕೊಳ್ಳಿ.

ನಾನು ಹೇಳುವ ಜೋಡಿ ಹೀಗಿದೆ. ಹೋಗುವಾಗ ಬೆಳಿಗ್ಗೆ ಆರಕ್ಕೆ ನವದೆಹಲಿ ನಿಲ್ದಾಣದಿಂದ ಹೊರಡುವ ಶತಾಬ್ದಿ, ಎಂಟರ ಸುಮಾರಿಗೆ ಆಗ್ರಾ ಕ್ಯಾಂಟ್. ಬರುವಾಗ ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಆಗ್ರಾ ಬಿಡುವ ಗತಿಮಾನ್ ಎಕ್ಸ್‌ಪ್ರೆಸ್. ಹೋಗುವಾಗಲೂ ಗತಿಮಾನ್ ಹಿಡಿದರೆ ಆಗ್ರಾ ತಲುಪುವುದು ಹತ್ತರ ಸುಮಾರಿಗೆ, ಬೆಳಗಿನ ಎರಡು ಗಂಟೆ ಕೈಬಿಟ್ಟುಹೋಗುತ್ತದೆ. ಬರುವಾಗಲೂ ಶತಾಬ್ದಿ ಎಂದರೆ ದೆಹಲಿಗೆ ಬರುವಾಗ ಹೆಚ್ಚುಕಡಿಮೆ ನಡುರಾತ್ರಿ. ಗತಿಮಾನ್ ಕೂಡ ಶುಕ್ರವಾರ ಓಡುವುದಿಲ್ಲ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಬುಕ್ ಮಾಡುವ ದಿನ ಮತ್ತೆ ನೋಡಿ.

ಇಲ್ಲೊಂದು ಎಡವಟ್ಟು ತಪ್ಪದೇ ಆಗುತ್ತದೆ. ಶತಾಬ್ದಿ ಹೊರಡುವುದು ನವದೆಹಲಿಯಿಂದ, ಗತಿಮಾನ್ ನಿಮ್ಮನ್ನು ಇಳಿಸುವುದು ಹಜರತ್ ನಿಜಾಮುದ್ದೀನ್‌ನಲ್ಲಿ. ಬೆಳಿಗ್ಗೆ ಗಾಡಿ ನಿಲ್ಲಿಸಿದ ಕಡೆಗೇ ಸಂಜೆ ಬರುತ್ತೇವೆಂದು ತಿಳಿಯಬೇಡಿ. ಆಗ್ರಾದಲ್ಲೂ ಕ್ಯಾಂಟ್ ಬೇರೆ, ಆಗ್ರಾ ಫೋರ್ಟ್ ನಿಲ್ದಾಣ ಬೇರೆ. ಆಟೋದವರಿಗೆ "ಕ್ಯಾಂಟ್ ಸ್ಟೇಷನ್" ಎಂದೇ ಹೇಳಿ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಇಷ್ಟೆಲ್ಲ ಮಾಡಬೇಕಾಗಿಯೇ ಇಲ್ಲ. ಅದು ದೆಹಲಿ ಸೇರುವ ಮೊದಲೇ ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. ಅಲ್ಲೇ ಇಳಿದು ಒಂದು ದಿನ ನೋಡಿಕೊಂಡು ದೆಹಲಿಗೆ ಹೋಗಬಹುದು. ದೆಹಲಿವರೆಗೆ ಹೋಗಿ ಮರುದಿನ ಅದೇ ಹಳಿಯ ಮೇಲೆ ವಾಪಸ್ ಬರುವವರನ್ನು ಎಷ್ಟೋ ಸಲ ನೋಡಿದ್ದೇನೆ.

ಕಾರಿನಲ್ಲಾದರೆ ಯಮುನಾ ಎಕ್ಸ್‌ಪ್ರೆಸ್‌ವೇ. ಮನೆಬಾಗಿಲಿಂದ ಮೂರೂವರೆ, ನಾಲ್ಕು ಗಂಟೆ ಹಿಡಿಯಿರಿ. ಬೆಳಿಗ್ಗೆ ಐದಕ್ಕೆ ಹೊರಟರೆ ಮಾತ್ರ ಲಾಭ. ಮಂಜಿನ ತಿಂಗಳಲ್ಲಿ ಈ ರಸ್ತೆ ಬೇಡ, ಒಂದರ ಹಿಂದೊಂದು ಗಾಡಿ ಗುದ್ದಿಕೊಳ್ಳುವ ಸುದ್ದಿ ಅಲ್ಲಿಂದ ಪ್ರತಿ ಚಳಿಗಾಲ ಬರುತ್ತದೆ.

## ಹಂತ 4: ಟೂರ್‌ನವರಿಂದ ಬರೆಸಿಕೊಳ್ಳಿ

ಫೋನಿನಲ್ಲಿ ಎಲ್ಲದಕ್ಕೂ "ಹೋ ಜಾಯೇಗಾ ಸರ್" ಎನ್ನುತ್ತಾರೆ. ಮಾತು ಬೇಡ, ವಾಟ್ಸಾಪ್‌ನಲ್ಲಿ ಬರೆದು ಕಳಿಸಲಿ. ಹಣ ಕೊಡುವ ಮುಂಚೆ ಈ ನಾಲ್ಕು ವಿಷಯ ನಿಮ್ಮ ಫೋನಿನಲ್ಲಿರಬೇಕು:

- ಯಾವ ಸ್ಮಾರಕಕ್ಕೆ ಎಷ್ಟು ಹೊತ್ತು. ತಾಜ್‌ಗೆ ಕನಿಷ್ಠ ಎರಡೂವರೆ ಗಂಟೆ.
- ಅಂಗಡಿಗೆ ಕರೆದೊಯ್ಯುವುದಿಲ್ಲ ಎಂಬ ಒಂದು ಸಾಲು.
- ಪ್ರವೇಶ ಟಿಕೆಟ್, ಗೈಡ್, ಟೋಲ್, ಉತ್ತರ ಪ್ರದೇಶದ ರಸ್ತೆ ತೆರಿಗೆ, ಪಾರ್ಕಿಂಗ್, ಇವುಗಳಲ್ಲಿ ಬೆಲೆಯೊಳಗೆ ಯಾವುದಿದೆ, ಯಾವುದಿಲ್ಲ.
- ಗೈಡ್ ಪೂರ್ತಿ ದಿನ ನಮ್ಮ ಜೊತೆ ಇರುತ್ತಾರೋ, ಒಂದೊಂದು ಕಡೆ ಒಬ್ಬೊಬ್ಬರೋ.

ಎರಡನೆಯ ಸಾಲು ಬರೆಯಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಟ್ಟುಬಿಡಿ. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೂ ಅಷ್ಟೇ. ಟೋಲ್ ಮತ್ತು ಪೆಟ್ರೋಲ್ ಖರ್ಚೂ ಹುಟ್ಟದ ದರಕ್ಕೆ ಕರೆದೊಯ್ಯುವವರು ಉಳಿದ ದುಡ್ಡನ್ನು ಎಲ್ಲಿ ಹುಟ್ಟಿಸುತ್ತಾರೆ? ನೀವು ಅಂಗಡಿಯಲ್ಲಿ ಕೊಳ್ಳುವ ವಸ್ತುವಿನ ಕಮಿಷನ್‌ನಲ್ಲಿ.

## ಹಂತ 5: ಟಿಕೆಟ್

ತಾಜ್‌ಗೆ ಎರಡು ಟಿಕೆಟ್. ಆವರಣ ಪ್ರವೇಶಕ್ಕೆ ಭಾರತೀಯರಿಗೆ 50 ರೂಪಾಯಿ. ಗುಮ್ಮಟದ ಕಟ್ಟಡದೊಳಗೆ ಹೋಗಲು ಅದರ ಮೇಲೆ ಇನ್ನೂ 200. ಆನ್‌ಲೈನ್‌ನಲ್ಲಿ ಈ 200 ರೂಪಾಯಿಯದ್ದನ್ನು ನೀವೇ ಗುರುತು ಹಾಕಿ ಆರಿಸಬೇಕು. ಆತುರದಲ್ಲಿ ಬಿಟ್ಟುಹೋಗುವುದು ಇದೇ. ಟೂರ್‌ನವರು "ಟಿಕೆಟ್ ಸೇರಿದೆ" ಎಂದರೂ ಬಹಳ ಸಲ 50ರದ್ದನ್ನಷ್ಟೇ ಕೊಟ್ಟಿರುತ್ತಾರೆ. ಕೇಳಿಯೇಬಿಡಿ.

15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಹದಿಮೂರು, ಹದಿನಾಲ್ಕರ ಎತ್ತರದ ಹುಡುಗರಿದ್ದರೆ ವಯಸ್ಸಿನ ದಾಖಲೆ ಜೇಬಿನಲ್ಲಿರಲಿ. ವಿದೇಶಿಯರಿಗೆ ಆವರಣ ಪ್ರವೇಶವೇ 1100 ರೂಪಾಯಿ. ಅಮೆರಿಕ, ದುಬೈಯಿಂದ ಬಂದ ನೆಂಟರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಭಾರತೀಯರ ದರವೇ. ಒಸಿಐ ಕಾರ್ಡ್ (ವಿದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಇರುವವರಿಗೂ ಅದೇ ದರ. ಆದರೆ ಮೂಲ ಕಾರ್ಡು ಕೈಯಲ್ಲಿರಲಿ, "ಸೂಟ್‌ಕೇಸ್‌ನಲ್ಲಿದೆ" ಎಂದರೆ ಬಾಗಿಲಲ್ಲಿ ಕೇಳುವವರಿಲ್ಲ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಸರ್ಚ್ ಮಾಡಿದಾಗ ಮೇಲುಗಡೆ ಬರುವ ಜಾಹೀರಾತು ತಾಣಗಳಲ್ಲಿ "ಸ್ಕಿಪ್ ದ ಲೈನ್" ಎಂದು ದುಬಾರಿ ಟಿಕೆಟ್ ಮಾರುತ್ತಾರೆ. ಆನ್‌ಲೈನ್ ಟಿಕೆಟ್ ಯಾರ ಹತ್ತಿರ ಕೊಂಡರೂ ತಪ್ಪಿಸುವುದು ಕೌಂಟರ್ ಸಾಲನ್ನು ಮಾತ್ರ. ತಪಾಸಣೆಯ ಸಾಲಿನಲ್ಲಿ ಎಲ್ಲರೂ ನಿಲ್ಲಬೇಕು.

ಒಳಗೆ ಹೋದ ಮೇಲೆ ಟಿಕೆಟ್ ಮೂರು ಗಂಟೆಗಷ್ಟೇ. ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯವರೆಲ್ಲರ ಫೋನಿಗೂ ಕಳಿಸಿಡಿ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಟಿಕೆಟ್ಟೆಲ್ಲ ಯಜಮಾನರ ಫೋನಿನಲ್ಲಿದ್ದು ಅಮ್ಮ, ಅಜ್ಜಿ ಆಚೆ ಸಾಲಿನಲ್ಲಿ ಸಿಕ್ಕಿಬೀಳುವುದು ದಿನನಿತ್ಯದ ನೋಟ.

## ಹಂತ 6: ಗೈಡ್ ಆರಿಸುವುದು

ಸರ್ಕಾರದ ಪರವಾನಗಿ ಇರುವ ಗೈಡ್ ಕತ್ತಿನಲ್ಲಿ ಫೋಟೋ ಇರುವ ಗುರುತಿನ ಚೀಟಿ ಇರುತ್ತದೆ. ಅದರ ಅವಧಿ ಮುಗಿದಿದೆಯೇ ಎಂದೂ ನೋಡಿ. ತೋರಿಸಿ ಎಂದರೆ ಯಾವ ಅಸಲಿ ಗೈಡೂ ಮುಖ ಸಿಂಡರಿಸುವುದಿಲ್ಲ.

ನಿಲ್ದಾಣದಲ್ಲಿ, ಪಾರ್ಕಿಂಗ್‌ನಲ್ಲಿ ಮೈಮೇಲೆ ಬೀಳುವವರಿಗೆ ಆಗ್ರಾದವರೇ ಇಟ್ಟ ಹೆಸರು "ಲಪ್ಕಾ". ಅವರ ಮಾತು ಮೂರು ಬಗೆ: ಈ ಬಾಗಿಲು ಇವತ್ತು ಮುಚ್ಚಿದೆ, ಬ್ಯಾಟರಿ ಗಾಡಿ ಓಡುತ್ತಿಲ್ಲ, ಸಾಲಿಲ್ಲದೆ ಒಳಗೆ ಬಿಡಿಸುತ್ತೇನೆ. ಮೂರೂ ಸುಳ್ಳೆಂದೇ ಇಟ್ಟುಕೊಳ್ಳಿ. ನಿಂತು ವಾದಿಸಿದರೆ ಕೆಟ್ಟಿರಿ. "ಗೈಡ್ ಹೈ ಹಮಾರೇ ಪಾಸ್" ಎಂದು ನಡೆಯುತ್ತಲೇ ಹೇಳಿ, ನಿಲ್ಲಬೇಡಿ.

ಭಾಷೆಯನ್ನು ಮೊದಲೇ ಇತ್ಯರ್ಥ ಮಾಡಿ. ಕನ್ನಡ ಬಲ್ಲ ಗೈಡ್ ಸಿಗುವುದು ಅಪರೂಪ. ಇಂಗ್ಲಿಷ್ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ಉರ್ದು ಶಾಯರಿ ಬೆರೆಸಿದ ವೇಗದ ಹಿಂದಿಗೆ ತಲೆಯಾಡಿಸುತ್ತ ನಿಂತವರ ಪಾಡು ಬೇಡ.

ಗೈಡ್ ಸರಕು ಎಂಥದ್ದು ಎಂದು ತಿಳಿಯಲು ಹತ್ತು ನಿಮಿಷ ಸಾಕು. ಷಹಜಹಾನ್ ಕೆಲಸಗಾರರ ಕೈ ಕತ್ತರಿಸಿದ, ನದಿಯ ಆಚೆ ಕಪ್ಪು ತಾಜ್ ಕಟ್ಟಲು ಹೊರಟಿದ್ದ, ಇವೆರಡನ್ನು ಇತಿಹಾಸವೆಂದು ಹೇಳಿದರೆ ಸರಕು ಹಗುರ. ಕೈ ಕತ್ತರಿಸಿದ್ದಕ್ಕೆ ಪುರಾವೆ ಇಲ್ಲ. ಆಚೆದಡದ ಮೆಹ್ತಾಬ್ ಬಾಗ್‌ನಲ್ಲಿ 1990ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು ಉದ್ಯಾನದ ಕೊಳ, ಕಪ್ಪು ಕಟ್ಟಡದ ಪಾಯವಲ್ಲ. ಒಳಗೆ ಕಾಣುವ ಗೋರಿಗಳು ಅಸಲಿಯಲ್ಲ, ಅಸಲಿ ಕೆಳಗಿನ ನೆಲಮಾಳಿಗೆಯಲ್ಲಿವೆ ಎಂಬುದನ್ನು ತಾನಾಗಿ ಹೇಳುವವನು ಪರವಾಗಿಲ್ಲ.

## ಹಂತ 7: ಚೀಲ ಖಾಲಿ ಮಾಡಿ

ಹಿಂದಿನ ರಾತ್ರಿಯೇ ಮಾಡಿ. ತಾಜ್‌ಗೆ ತಿಂಡಿ, ಬಿಸ್ಕತ್ತು, ಚ್ಯೂಯಿಂಗ್ ಗಮ್, ತಂಬಾಕು, ಬೆಂಕಿಪೊಟ್ಟಣ, ಲೈಟರ್, ಚಾಕು, ಟ್ರೈಪಾಡ್, ಡ್ರೋನ್ ಯಾವುದೂ ಬಿಡುವುದಿಲ್ಲ. ಎಲೆ ಅಡಿಕೆ ಸಂಚಿ, ಅದರೊಳಗಿನ ಅಡಕತ್ತರಿ ಮರೆಯಬೇಡಿ. ಅಜ್ಜಿಯರ ಸೊಂಟದಲ್ಲಿ ಅದು ಇದ್ದೇ ಇರುತ್ತದೆ. ಇಯರ್‌ಫೋನ್, ಚಾರ್ಜರ್‌ನಂಥ ವಸ್ತುಗಳಿಗೂ ತಗಾದೆ ತೆಗೆಯುತ್ತಾರೆ, ಕಾರಿನಲ್ಲೇ ಇಡಿ.

ಒಯ್ಯಬೇಕಾದದ್ದು: ಫೋನ್, ಸಣ್ಣ ಪರ್ಸ್, ಗುರುತಿನ ಚೀಟಿ, ಪಾರದರ್ಶಕ ನೀರಿನ ಬಾಟಲಿ, ಬಿಪಿ ಶುಗರ್ ಮಾತ್ರೆ, ಟೋಪಿ ಅಥವಾ ಸೆರಗು. ದಪ್ಪ ಸಾಕ್ಸ್ ಹಾಕಿಕೊಳ್ಳಿ. ಮೇಲಿನ ಕಟ್ಟೆಗೆ ಚಪ್ಪಲಿ ಬಿಡಬೇಕು ಇಲ್ಲವೇ ಶೂ ಕವರ್ ತೊಡಬೇಕು. ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ಗುಮ್ಮಟ ನೋಡುವವರಿಲ್ಲ, ನೆರಳು ಹುಡುಕುವವರೇ.

## ಹಂತ 8: ಆ ದಿನದ ಕ್ರಮ

ಚಳಿಗಾಲ, ಹಿತವಾದ ತಿಂಗಳುಗಳಲ್ಲಿ ಕೋಟೆ ಮೊದಲು, ತಾಜ್ ಕೊನೆ. ಟೂರ್‌ನವರು ಉಲ್ಟಾ ಮಾಡುತ್ತಾರೆ. ತಾಜ್ ತೋರಿಸಿಬಿಟ್ಟರೆ ಜನ ತೃಪ್ತರು, ಉಳಿದ ಹೊತ್ತು ಅಂಗಡಿಗೆ ಎಂಬ ಲೆಕ್ಕ.

ಬೆಳಿಗ್ಗೆ 8.45, ಕೋಟೆ. ಪ್ರವೇಶ ಅಮರ್ ಸಿಂಗ್ ಬಾಗಿಲಿನಿಂದ ಮಾತ್ರ. ಕೋಟೆಯ ದೊಡ್ಡ ಪಾಲು ಸೇನೆಯ ವಶದಲ್ಲಿದೆ, ಅದಕ್ಕೇ "ಅರ್ಧ ತೋರಿಸಿದ" ಎಂದು ಗೈಡ್ ಮೇಲೆ ರೇಗಬೇಡಿ. ಏರು ದಾರಿ ಉದ್ದವಿದೆ, ಮಂಡಿನೋವಿನವರು ನಿಧಾನ ಹತ್ತಲಿ. ಜಹಾಂಗೀರಿ ಮಹಲ್, ಖಾಸ್ ಮಹಲ್, ಮುಸಮ್ಮನ್ ಬುರ್ಜ್, ದಿವಾನ್-ಎ-ಆಮ್ ಈ ಕ್ರಮದಲ್ಲಿ ಒಂದೂವರೆ ಗಂಟೆ. ಮುಸಮ್ಮನ್ ಬುರ್ಜ್ ಹತ್ತಿರ ನಿಂತರೆ ನದಿಯ ತಿರುವಿನಲ್ಲಿ ತಾಜ್ ಕಾಣುತ್ತದೆ. ಷಹಜಹಾನನನ್ನು ಮಗ ಸೆರೆಯಿಟ್ಟದ್ದು ಇದೇ ಕೋಟೆಯಲ್ಲಿ. ತಾಜ್‌ನ ಮೊದಲ ನೋಟ ಇಲ್ಲಿಂದಲೇ ಆಗಲಿ, ಕೋಟೆ ಮೊದಲು ಎನ್ನುವುದಕ್ಕೆ ನನ್ನ ಅರ್ಧ ಕಾರಣ ಇದು.

10.45, ಇತ್ಮಾದುದ್ದೌಲಾ. ಮುಕ್ಕಾಲು ಗಂಟೆ. ಗೈಡ್ ಹತ್ತಿರ ಕಲ್ಲು ಕೂರಿಸುವ ಕೆಲಸವನ್ನು ಪೂರ್ತಿ ಇಲ್ಲೇ ಹೇಳಿಸಿಕೊಳ್ಳಿ. ತಾಜ್ ಒಳಗೆ ಗದ್ದಲದಲ್ಲಿ ಕೇಳಿಸುವುದಿಲ್ಲ.

12.00, ಊಟ. ಹಸಿವಾಗುವ ಮುಂಚೆಯೇ ಮುಗಿಸಿ, ಒಂದು ಗಂಟೆಯ ಮೇಲೆ ಎಲ್ಲ ಕಡೆ ನೂಕುನುಗ್ಗಲು. ಚಾಲಕ ಹೇಳುವ "ಬಫೆ" ಬೇಡ. ಅನ್ನ ಮೊಸರಿಗೆ ಅಲೆಯಬೇಡಿ, ರೊಟ್ಟಿ ದಾಲ್ ತಿಂದು ಎದ್ದುಬಿಡಿ.

1.15, ತಾಜ್. ಮೂರರ ನಂತರ ಬಿಸಿಲು ಓರೆಯಾಗಿ ಕಲ್ಲಿನ ಬಣ್ಣ ತಿಳಿಯಾಗುತ್ತದೆ. ಅಲ್ಲಿಯವರೆಗೆ ಒಳಗೆ ಇರುವಂತೆ ಲೆಕ್ಕ ಹಾಕಿ.

ಏಪ್ರಿಲ್‌ನಿಂದ ಜೂನ್‌ವರೆಗೆ ಇದನ್ನು ತಿರುವಿಹಾಕಿ, ತಾಜ್ ಮೊದಲು. ತಾಜ್ ಬಾಗಿಲು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ತೆರೆಯುತ್ತದೆ. ಆಗ್ರಾದಲ್ಲಿ ರಾತ್ರಿ ಉಳಿದವರಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

## ಹಂತ 9: ತಾಜ್ ಒಳಗೆ

ಪೂರ್ವ ಬಾಗಿಲು ಅಥವಾ ಪಶ್ಚಿಮ ಬಾಗಿಲು, ಎರಡೇ. ದಕ್ಷಿಣ ಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಪೂರ್ವದ ಕಡೆಯಾದರೆ ಗಾಡಿ ಶಿಲ್ಪಗ್ರಾಮದಲ್ಲಿ ನಿಲ್ಲುತ್ತದೆ, ಅಲ್ಲಿಂದ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿ ಹಿಡಿಯಿರಿ. ಗಾಡಿ ನಿಂತ ಬಾಗಿಲಿನಿಂದಲೇ ಹೊರಗೆ ಬನ್ನಿ. ಪೂರ್ವದಿಂದ ಹೋಗಿ ಪಶ್ಚಿಮದಿಂದ ಹೊರಬಿದ್ದವರ ಫೋನ್ ಸಂಭಾಷಣೆ ಅರ್ಧ ಗಂಟೆ ನಡೆಯುತ್ತದೆ.

ತಪಾಸಣೆ ದಾಟಿದ ಮೇಲೆ ಎಲ್ಲರೂ ಸೇರುವ ಜಾಗ ಮೊದಲೇ ಹೇಳಿಕೊಳ್ಳಿ: ಕೆಂಪು ಕಲ್ಲಿನ ಹೆಬ್ಬಾಗಿಲಿನ ಮುಂದೆ, ಆಚೆ ಅಲ್ಲ.

ಹೆಬ್ಬಾಗಿಲು ದಾಟಿದ ಕೂಡಲೇ ಎಲ್ಲರೂ ಅಲ್ಲೇ ನಿಂತು ಫೋಟೋಗೆ ಗುದ್ದಾಡುತ್ತಾರೆ. ನೀವು ಬದಿಗೆ ಸರಿದು ನೇರ ಗುಮ್ಮಟಕ್ಕೆ ಹೋಗಿ. ಒಳಗಿನ ಸಾಲು ಮುಗಿಸಿ ವಾಪಸ್ ಬರುವಾಗ ಫೋಟೋ ತೆಗೆಯಿರಿ, ಬೆಳಕೂ ಆಗಲೇ ಚೆನ್ನ. ಗೋರಿಗಳಿರುವ ಕೋಣೆಯಲ್ಲಿ ಫೋಟೋ ನಿಷಿದ್ಧ. ಗೋಲಗುಮ್ಮಟದ ಅಭ್ಯಾಸದಲ್ಲಿ ಕೂಗಿ ಪ್ರತಿಧ್ವನಿ ನೋಡಬೇಡಿ, ಕಾವಲಿನವರು ಸೀಟಿ ಊದುತ್ತಾರೆ. ಆಮೇಲೆ ಹಿಂಬದಿಗೆ ಹೋಗಿ ಯಮುನೆಯ ಕಡೆ ನಿಲ್ಲಿ. ಬಹುತೇಕ ಗುಂಪುಗಳು ಅಲ್ಲಿಗೆ ಹೋಗದೆಯೇ ಇಳಿದುಬಿಡುತ್ತವೆ.

ಒಳಗಿನ ಫೋಟೋಗ್ರಾಫರ್ ಬೇಕಿದ್ದರೆ ಎಷ್ಟು ಫೋಟೋ, ಒಂದಕ್ಕೆ ಎಷ್ಟು ಎಂದು ತೆಗೆಯುವ ಮುಂಚೆ ಮುಗಿಸಿಕೊಳ್ಳಿ. "ಇಷ್ಟವಾದರೆ ತಗೊಳ್ಳಿ" ಎಂದು ಐವತ್ತು ತೆಗೆದು ಐವತ್ತಕ್ಕೂ ಲೆಕ್ಕ ಕೇಳುತ್ತಾರೆ. ಕೋತಿಗಳಿವೆ, ಮಗುವಿನ ಕೈಯಲ್ಲಿ ಏನೂ ಇರದಿರಲಿ.

## ಹಂತ 10: ಅಂಗಡಿ ಮತ್ತು ವಾಪಸ್

ಇಷ್ಟೆಲ್ಲ ಮಾಡಿದ ಮೇಲೂ ಚಾಲಕ ಒಮ್ಮೆ ಪ್ರಯತ್ನಿಸುತ್ತಾನೆ. "ಕೊಳ್ಳೋದು ಬೇಡ ಸರ್, ಕುಶಲಕರ್ಮಿಗಳ ಕೆಲಸ ನೋಡಿ, ಐದೇ ನಿಮಿಷ." ಆ ಐದು ನಿಮಿಷದಲ್ಲಿ ಚಹಾ ಬರುತ್ತದೆ, ಚಹಾ ಬಂದ ಮೇಲೆ ಏಳಲು ನಮಗೆ ಸಂಕೋಚ. "ದುಕಾನ್ ನಹೀ ಜಾನಾ ಹೈ, ಸ್ಟೇಷನ್ ಚಲಿಯೇ" ಎಂದು ಕಾರಿನೊಳಗೇ ಹೇಳಿ. ಕೊಳ್ಳಲೇಬೇಕಿದ್ದರೆ ಗೊತ್ತಿರಲಿ: ಅಮೃತಶಿಲೆ ಎಂದು ಬಳಪದ ಕಲ್ಲು ಮಾರುತ್ತಾರೆ. ತಳದಲ್ಲಿ ಉಗುರಿನಿಂದ ಗೀರಿದರೆ ಬಳಪದ ಕಲ್ಲು ಗೀಚಿಕೊಳ್ಳುತ್ತದೆ, ಅಮೃತಶಿಲೆ ಜಗ್ಗುವುದಿಲ್ಲ.

ಆಗ್ರಾದ ಸಿಹಿತಿಂಡಿ ಪೇಠಾ ತರುವವರು ಒಣಗಿದ್ದನ್ನೇ ತನ್ನಿ. ನಾವು ದೃಷ್ಟಿ ತೆಗೆಯಲು ಒಡೆಯುವ ಬೂದುಗುಂಬಳವೇ ಅದು. ಪಾಕದಲ್ಲಿ ತೇಲುವ ಅಂಗೂರಿ ಪೇಠಾ ರೈಲಿನಲ್ಲಿ ಸೋರಿ ಬಟ್ಟೆಯೆಲ್ಲ ಅಂಟು ಮಾಡುತ್ತದೆ.

ತಾಜ್‌ನಿಂದ 4.15ಕ್ಕೆ ಹೊರಡಲೇಬೇಕು. ಬ್ಯಾಟರಿ ಗಾಡಿಯ ಸಾಲು, ಪಾರ್ಕಿಂಗ್, ಸಂಜೆಯ ಟ್ರಾಫಿಕ್ ಸೇರಿ ಕ್ಯಾಂಟ್‌ಗೆ ಒಂದು ಗಂಟೆ. ಕಾರಿನಲ್ಲಿ ದೆಹಲಿಗೆ ಮರಳುವವರು ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲು ಚಾಲಕನಿಗೆ ಚಹಾ ಕುಡಿಸಿ. ಅವನು ಎದ್ದದ್ದು ಬೆಳಗಿನ ಮೂರಕ್ಕೆ. ಮುಂದಿನ ಸೀಟಿನಲ್ಲಿ ನಿದ್ದೆ ಬಾರದ ಯಾರಾದರೊಬ್ಬರು ಕೂತು ಅವನನ್ನು ಮಾತಾಡಿಸುತ್ತಿರಲಿ.